ಬೊಜ್ಜು ಉಳ್ಳವರ ಮಕ್ಕಳದ್ದಷ್ಟೇ ಅಲ್ಲ

ಮಾನ್ಯರೇ,

ಮಕ್ಕಳ ಬೊಜ್ಜು ಉಳ್ಳವರ ಮನೆಯ ಸಮಸ್ಯೆ ಎಂಬ ನಂಬಿಕೆಯಿಂದಾಗಿ, ಮಂಗಳೂರಿನ ಬಾಡಿಗೆ ಕೋಣೆಗಳಲ್ಲಿ ಬೆಳೆಯುತ್ತಿರುವ ದುಡಿಯುವವರ ಮಕ್ಕಳು ಯಾರ ಗಮನಕ್ಕೂ ಬರುತ್ತಿಲ್ಲ. ಇಂಗ್ಲೆಂಡಿನಲ್ಲಿ ಅತಿ ಹಿಂದುಳಿದ ಪ್ರದೇಶಗಳ ಶಾಲಾ ಮಕ್ಕಳಲ್ಲಿ ಬೊಜ್ಜಿನ ಪ್ರಮಾಣ ಅನುಕೂಲಸ್ಥ ಪ್ರದೇಶಗಳಿಗಿಂತ ಸುಮಾರು ದುಪ್ಪಟ್ಟಿದೆ. ನಮ್ಮಲ್ಲಿ ಇನ್ನೂ ಹಾಗಾಗಿಲ್ಲ, ಆದರೆ ದಾರಿ ಅದೇ.

ತಾಯಿ ನಸುಕಿಗೇ ಮೀನು ಇಳಿಸುವ ದಕ್ಕೆಗೆ ದುಡಿಯಲು ಹೊರಟರೆ ಮಗುವಿನ ಕೈಯಲ್ಲಿ ಹತ್ತು ರೂಪಾಯಿ ಉಳಿಯುತ್ತದೆ. ಅದಕ್ಕೆ ಚಿಪ್ಸ್ ಸಿಗುತ್ತದೆ, ಸಿಹಿ ಪಾನೀಯ ಸಿಗುತ್ತದೆ; ಬಂಗುಡೆ ಮೀನು ಸಿಗುವುದಿಲ್ಲ. ಅಂಥ 200 ಮಿ.ಲೀ. ಪಾನೀಯದಲ್ಲಿ 20 ಗ್ರಾಂ ಆಸುಪಾಸು, ಅಂದರೆ ಐದು ಚಮಚೆ ಸಕ್ಕರೆ ಇರುತ್ತದೆ. ಮಳೆಗಾಲದ ನಾಲ್ಕು ತಿಂಗಳು ಆಡಲು ಒಣ ಜಾಗವೂ ಇಲ್ಲ. ತೂಕ ಏರುತ್ತದೆ, ರಕ್ತಹೀನತೆ ಹಾಗೆಯೇ ಉಳಿಯುತ್ತದೆ. ಇದಕ್ಕೆ ಆ ತಾಯಿಯನ್ನು ದೂರುವುದು ಅನ್ಯಾಯ.

ತಪಾಸಣೆಯಲ್ಲೂ ಎಡವುವುದುಂಟು. 128 ಸೆಂ.ಮೀ. ಎತ್ತರ, 33 ಕೆ.ಜಿ. ತೂಕದ ಎಂಟು ವರ್ಷದ ಹುಡುಗನ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಸೂಚ್ಯಂಕ) ಸುಮಾರು 20. ದೊಡ್ಡವರ 25ರ ಮಿತಿ ಹಿಡಿದು ನೋಡಿದರೆ ಎಲ್ಲವೂ ಸರಿ. ವಿಶ್ವ ಆರೋಗ್ಯ ಸಂಸ್ಥೆಯ ವಯಸ್ಸುವಾರು ಕೋಷ್ಟಕದಲ್ಲಿ ಅದು ಬೊಜ್ಜು.

ಆದ್ದರಿಂದ ಶಾಲೆಗಳು ಪ್ರತಿ ಜೂನ್ ಮತ್ತು ಜನವರಿಯಲ್ಲಿ ಚಪ್ಪಲಿ ಕಳಚಿಸಿ ಎತ್ತರ, ತೂಕ ಅಳೆದು, ವಯಸ್ಸು ಮತ್ತು ಲಿಂಗಕ್ಕೆ ತಕ್ಕ ಕೋಷ್ಟಕದಲ್ಲಿ ಗುರುತಿಸಿ, ಫಲಿತಾಂಶವನ್ನು ತರಗತಿಯಲ್ಲಿ ಓದದೆ ಹೆತ್ತವರಿಗಷ್ಟೇ ತಿಳಿಸಬೇಕು. ಶಾಲೆಯಿಂದ 50 ಮೀಟರ್ ಒಳಗೆ ಅತಿ ಕೊಬ್ಬು, ಉಪ್ಪು, ಸಕ್ಕರೆಯ ತಿನಿಸು ಮಾರಬಾರದೆಂಬ 2020ರ ಆಹಾರ ಸುರಕ್ಷತಾ ನಿಯಮವನ್ನು ಜಿಲ್ಲಾಡಳಿತ ಸರ್ಕಾರಿ ಶಾಲೆಗಳ ಸುತ್ತಲಿಂದಲೇ ಬಿಗಿಗೊಳಿಸಲಿ.

– ಪೋಷಣಾ ತಜ್ಞೆ, ಮಂಗಳೂರು