ಗೆಳೆಯನಿಗೊಂದು ಪತ್ರ: ಅದು ಬರೀ ಉಷ್ಣ ಅಲ್ಲ ಕಣೋ

ಪ್ರೀತಿಯ ಗೆಳೆಯಾ,

ಮೊನ್ನೆ ಫೋನಿನಲ್ಲಿ ನನ್ನ ತಂಗಿಗೆ ಹಾರ್ಟ್ ಟೆಸ್ಟ್ ಮಾಡಿಸು ಅಂದಾಗ ನೀನು "ಮೂಗಲ್ಲಿ ರಕ್ತ ಬಂದ್ರೆ ಯಾರಾದ್ರೂ ಹಾರ್ಟ್ ಟೆಸ್ಟ್ ಮಾಡಿಸ್ತಾರೇನೋ" ಅಂತ ಕೇಳಿದೆಯಲ್ಲ, ಆಗ ಇಲ್ಲಿ ಟೊರೊಂಟೊದಲ್ಲಿ ನಡುರಾತ್ರಿ. ಸರಿಯಾಗಿ ಹೇಳಲು ಆಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಮನೆ ನಿನಗೆ ಗೊತ್ತು. ಬೇಸಿಗೆ ಬಂದರೆ ಅಮ್ಮನಿಗೆ ಮೂಗಿನಿಂದ ರಕ್ತ. ಸ್ಕೂಲಿನಲ್ಲಿ ನನ್ನ ಬಿಳಿ ಅಂಗಿ ಕೆಂಪಾದಾಗ ನಲ್ಲಿ ಹತ್ತಿರ ಎಳೆದುಕೊಂಡು ಹೋಗಿ ತಲೆಗೆ ನೀರು ಹಾಕುತ್ತಿದ್ದವನು ನೀನೇ. ಅಜ್ಜಿ ಮೂಗಿಗೆ ಗರಿಕೆ ರಸ ಬಿಡುತ್ತಿದ್ದರು, ಮೈ ಉಷ್ಣ ಜಾಸ್ತಿ ಅನ್ನುತ್ತಿದ್ದರು. ಮಾವನಿಗೆ 41ಕ್ಕೇ ಲಕ್ವ ಹೊಡೆಯಿತು, ನೆನಪಿದೆಯಾ? ಅದಕ್ಕೂ ಈ ರಕ್ತಕ್ಕೂ ಸಂಬಂಧ ಇರಬಹುದು ಅಂತ ಯಾರಿಗೂ ಹೊಳೆಯಲಿಲ್ಲ. ನಾನೂ ವರ್ಷಗಟ್ಟಲೆ ಒಂದು ಕ್ಲಿನಿಕ್ಕಿನಲ್ಲಿ ಮೂಗಿನ ಒಳಗೆ ಸುಡಿಸಿಕೊಂಡೆ, ಕಬ್ಬಿಣದ ಮಾತ್ರೆ ನುಂಗಿದೆ. ಮನೆಯಲ್ಲಿ ಇನ್ಯಾರಿಗೆ ಹೀಗಾಗುತ್ತದೆ ಅಂತ ಅಲ್ಲಿ ಒಬ್ಬರೂ ಕೇಳಲಿಲ್ಲ.

ಇಲ್ಲಿನ ಸೇಂಟ್ ಮೈಕಲ್ಸ್ ಆಸ್ಪತ್ರೆಯಲ್ಲಿ ಹೀಗೆ ಮನೆತನದಲ್ಲೇ ರಕ್ತ ಬರುವ ಕಾಯಿಲೆಯೊಂದಕ್ಕೆಂದೇ ಒಂದು ಕ್ಲಿನಿಕ್ ಇದೆ. ಅಲ್ಲಿ ಮೊದಲ ಪ್ರಶ್ನೆಯೇ ಅದು. ಅಜ್ಜಿ, ಅಮ್ಮ, ಮಾವ, ತಂಗಿ ಎಲ್ಲರನ್ನೂ ಒಂದು ಹಾಳೆಯ ಮೇಲೆ ಗೆರೆ ಎಳೆದು ಬರೆದುಕೊಂಡರು. ಆಮೇಲೆ ನನ್ನ ತುಟಿ, ನಾಲಿಗೆ, ಬೆರಳ ತುದಿಯ ಸಣ್ಣ ಕೆಂಪು ಚುಕ್ಕೆಗಳನ್ನು ನೋಡಿದರು. ಕಾಯಿಲೆಯ ಹೆಸರು ಎಚ್‌ಎಚ್‌ಟಿ, ಅಂದರೆ ರಕ್ತನಾಳಗಳು ತಪ್ಪಾಗಿ ಬೆಳೆಯುವ, ವಂಶದಲ್ಲಿ ಬರುವ ಕಾಯಿಲೆ. ಸುಮಾರು 5,000 ಜನರಲ್ಲಿ ಒಬ್ಬರಿಗೆ ಇರುತ್ತದೆ. 2000ದಲ್ಲಿ ಡಾಕ್ಟರುಗಳು ಇದಕ್ಕೆ ನಾಲ್ಕು ಗುರುತು ಗೊತ್ತುಮಾಡಿದರು: ಪದೇಪದೇ ಮೂಗಿನಲ್ಲಿ ರಕ್ತ, ಈ ಚುಕ್ಕೆಗಳು, ಶ್ವಾಸಕೋಶ ಲಿವರ್ ಮಿದುಳಿನಂಥ ಕಡೆ ತಪ್ಪಾಗಿ ಕೂಡಿಕೊಂಡ ರಕ್ತನಾಳ, ಹೆತ್ತವರಿಗೋ ಒಡಹುಟ್ಟಿದವರಿಗೋ ಮಕ್ಕಳಿಗೋ ಇದೇ ಕಾಯಿಲೆ. ಮೂರಿದ್ದರೆ ಖಚಿತ. ತಂಗಿಗೆ ರಕ್ತ ಬರುತ್ತದೆ, ಚುಕ್ಕೆ ಇವೆ, ಅಣ್ಣನಾದ ನನಗೆ ಕಾಯಿಲೆ ಇದೆ. ಲೆಕ್ಕ ಹಾಕು.

ಈಗ ಹಾರ್ಟ್ ಟೆಸ್ಟ್ ಯಾಕೆ ಅಂತ ಹೇಳುತ್ತೇನೆ. ಶ್ವಾಸಕೋಶದಲ್ಲಿ ಕೂದಲಿಗಿಂತ ತೆಳು ನಾಳಗಳ ಬಲೆ ಇರುತ್ತದೆ, ಅದು ಕಾಫಿ ಸೋಸುವ ಬಟ್ಟೆಯ ಹಾಗೆ ರಕ್ತದಲ್ಲಿ ಬರುವ ಸಣ್ಣ ಹೆಪ್ಪು, ಕ್ರಿಮಿ ಎಲ್ಲವನ್ನೂ ತಡೆಯುತ್ತದೆ. ನಮ್ಮಂಥವರಲ್ಲಿ ಕೆಲವು ಕಡೆ ಆ ಬಟ್ಟೆಯೇ ಇರುವುದಿಲ್ಲ, ದೊಡ್ಡ ನಾಳ ನೇರವಾಗಿ ಇನ್ನೊಂದು ದೊಡ್ಡ ನಾಳಕ್ಕೆ ಕೂಡಿರುತ್ತದೆ. ಹೆಪ್ಪು ಸೀದಾ ಮಿದುಳಿಗೆ ಹೋದರೆ ಲಕ್ವ, ಕ್ರಿಮಿ ಹೋದರೆ ಮಿದುಳಿನಲ್ಲಿ ಕೀವು. ಎಷ್ಟೋ ಸಲ ಮೈಗೆ ಏನೂ ಗೊತ್ತಾಗುವುದೇ ಇಲ್ಲ ಕಣೋ, ನಾನು ದಿನಾ ಸೈಕಲ್ ಹೊಡೆಯುತ್ತಿದ್ದೆ! ಪರೀಕ್ಷೆ ಮಾತ್ರ ತುಂಬಾ ಸುಲಭ. ಸಣ್ಣ ಗುಳ್ಳೆ ಏಳುವಂತೆ ಕುಲುಕಿದ ಸಲೈನ್ ನೀರನ್ನು ಕೈಯ ರಕ್ತನಾಳಕ್ಕೆ ಚುಚ್ಚಿ ಎಕೋದಲ್ಲಿ, ಅಂದರೆ ಹೃದಯದ ಸ್ಕ್ಯಾನಿನಲ್ಲಿ, ನೋಡುತ್ತಾರೆ. ಗುಳ್ಳೆಗಳು ಶ್ವಾಸಕೋಶದಲ್ಲೇ ನಿಲ್ಲಬೇಕು. ನನ್ನವು ಅಲ್ಲಿಂದ ದಾಟಿ ನಾಲ್ಕೈದು ಬಡಿತದಲ್ಲಿ ಹೃದಯದ ಎಡಗಡೆ ಬಂದವು. ಆಮೇಲೆ ಸಿ.ಟಿ., ಆಮೇಲೆ ತೊಡೆಸಂದಿಯಿಂದ ಸಣ್ಣ ಕೊಳವೆ ಹಾಕಿ ಲೋಹದ ಸುರುಳಿಗಳಿಂದ ಆ ನಾಳ ಮುಚ್ಚಿದರು. ಮಾವನಿಗೆ ಯಾರಾದರೂ ಇದನ್ನು ಮಾಡಿದ್ದರೆ ಅಂತ ಆ ರಾತ್ರಿಯೆಲ್ಲ ಅನಿಸಿತು.

ಆ ಕ್ಲಿನಿಕ್ಕಿನಲ್ಲಿ ನನಗೆ ನೆಮ್ಮದಿ ಕೊಟ್ಟದ್ದು ಇನ್ನೊಂದು. ಮೂಗಿನವರು, ಶ್ವಾಸಕೋಶದವರು, ಜೀನ್ ನೋಡುವವರು ಎಲ್ಲ ಒಂದೇ ಫೈಲ್ ಇಟ್ಟುಕೊಂಡು ಮಾತಾಡಿಕೊಳ್ಳುತ್ತಾರೆ. ಮೂಗನ್ನು ಸುಮ್ನೆ ಮತ್ತೆ ಮತ್ತೆ ಸುಡಿಸಬೇಡ ಅಂದರು, ಉಪ್ಪುನೀರಿನ ಸ್ಪ್ರೇ ದಿನಾ ಹಾಕು ಅಂದರು. ನನ್ನ ಜೀನಿನಲ್ಲಿ ತಪ್ಪು ಎಲ್ಲಿದೆ ಅಂತ ಸಿಕ್ಕಿದೆ. ತಂಗಿಗೆ ಆ ಒಂದನ್ನೇ ಹುಡುಕಿದರೆ ಸಾಕು. ಅವಳಲ್ಲಿ ಅದು ಇದ್ದರೆ ಇಬ್ಬರು ಮಕ್ಕಳಲ್ಲಿ ಪ್ರತಿಯೊಬ್ಬರಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ರಿಪೋರ್ಟ್ ನಿನಗೆ ಕಳಿಸುತ್ತೇನೆ.

ಅವಸರ ಯಾಕೆಂದರೆ ಮುಂದಿನ ವಾರ ಅವಳು ಹಲ್ಲು ಕೀಳಿಸುತ್ತಾಳಂತೆ. ಬಾಯಿಯ ಕ್ರಿಮಿ ರಕ್ತಕ್ಕೆ ಸೇರುವುದು ಆಗಲೇ. ಶ್ವಾಸಕೋಶದ ಪರೀಕ್ಷೆ ಆಗುವವರೆಗೂ ತೊಂದರೆ ಇದೆ ಅಂತಲೇ ಇಟ್ಟುಕೊಂಡು, ಮೊದಲೇ ಆಂಟಿಬಯಾಟಿಕ್ ತೆಗೆದುಕೊಳ್ಳಬೇಕು. ಇದನ್ನು ಹಲ್ಲಿನ ಡಾಕ್ಟರಿಗೆ ನೀನೇ ಹೇಳು. ಡ್ರಿಪ್ ಹಾಕಿದರೆ ಗಾಳಿ ಗುಳ್ಳೆ ಒಳಗೆ ಹೋಗಬಾರದು ಅಂತಲೂ ಹೇಳು. ಎಕೋಗೆ ಹೋದಾಗ "ಬಬಲ್ ಎಕೋ" ಅಂತ ಬಿಡಿಸಿ ಕೇಳು, ಮಾಮೂಲಿ ಎಕೋದಲ್ಲಿ ಇದು ಕಾಣುವುದಿಲ್ಲ.

ನಾನು ಹೇಳಿದರೆ "ನಿನಗೆ ಎಲ್ಲದಕ್ಕೂ ಭಯ ಅಣ್ಣ" ಅನ್ನುತ್ತಾಳೆ. ನಿನ್ನ ಮಾತು ಕೇಳುತ್ತಾಳೆ. ಅವಳ ಜೊತೆ ನೀನೂ ಹೋಗು, ಡಾಕ್ಟರ್ ಎದುರಿಗೆ ಕೂತಾಗ ನನಗೆ ಫೋನ್ ಮಾಡು. ಎಷ್ಟು ಹೊತ್ತಾದರೂ ಎದ್ದಿರುತ್ತೇನೆ.

ನಿನ್ನ ಗೆಳೆಯ