ಕಾಫಿಯ ಬೋರರ್ ಬೇರೆ, ಮಾವಿನದು ಬೇರೆ

ಮಾನ್ಯ ಸಂಪಾದಕರೇ,

ಕಾಫಿ ತೋಟಗಳ ಕಾಂಡಕೊರಕದ (ಬೋರರ್ ಹುಳುವಿನ) ಬಗ್ಗೆ ಬಂದ ವರದಿಯ ಜತೆ ಅಚ್ಚಾಗಿರುವುದು ಮಾವಿನ ಕಾಂಡಕೊರಕದ ಚಿತ್ರ. ಅಷ್ಟೇ ಆಗಿದ್ದರೆ ಬರೆಯುತ್ತಿರಲಿಲ್ಲ. ‘ತೂತಿಗೆ ಔಷಧಿಯ ಹತ್ತಿ ತುರುಕಿ’ ಎಂಬ ಸಲಹೆಯೂ ಮಾವಿನದೇ. ಅರೇಬಿಕಾ ಕಾಫಿಗೆ ಅದರಿಂದ ಕಾಸಿನ ಪ್ರಯೋಜನವಿಲ್ಲ.

ಎರಡೂ ಉದ್ದಮೀಸೆ ದುಂಬಿಗಳ ಕುಟುಂಬದವು. ಮಾವಿನದು, ಅಂದರೆ ಬ್ಯಾಟೊಸೆರಾ ರುಫೊಮ್ಯಾಕುಲೇಟಾ, ಎರಡು ಇಂಚಿನಷ್ಟು ಉದ್ದದ ಬೂದು ದುಂಬಿ. ಕುತ್ತಿಗೆಯ ಮೇಲೆ ಎರಡು ಕೆಂಗಿತ್ತಳೆ ಮಚ್ಚೆ. ರಾತ್ರಿ ಓಡಾಟ, ದೀಪಕ್ಕೂ ಬರುತ್ತದೆ. ಕಾಫಿಯ ಬಿಳಿ ಕಾಂಡಕೊರಕ, ಕ್ಸೈಲೊಟ್ರೆಕಸ್ ಕ್ವಾಡ್ರಿಪಸ್, ಮುಕ್ಕಾಲು ಇಂಚೂ ದಾಟುವುದಿಲ್ಲ. ಕಪ್ಪು ಮೈ, ಬಿಳಿ ಪಟ್ಟೆ, ಕುಟುಂಬದ ಹೆಸರಿಗೇ ಅವಮಾನವೆನಿಸುವಷ್ಟು ಮೋಟು ಮೀಸೆ. ಇದು ಬಿಸಿಲಿನ ಜೀವಿ.

ತೋಟದಲ್ಲಿ ಕೆಲಸಕ್ಕೆ ಬರುವ ವ್ಯತ್ಯಾಸ ಮರಿಹುಳುವಿನದು. ಮಾವಿನ ಹುಳು ಕೊರೆದ ಪುಡಿಯನ್ನು ತೂತಿನಿಂದ ಹೊರದಬ್ಬುತ್ತದೆ. ಬುಡದಲ್ಲಿ ಪುಡಿ ಬಿದ್ದಿರುತ್ತದೆ, ತೊಗಟೆಯಿಂದ ರಸ ಸೋರುತ್ತದೆ. ಹಾಗಾಗಿ ಅಪ್ಪೆಮಿಡಿ ಮಾವಿನ ಮರವಾದರೂ ಕೊಕ್ಕೆತಂತಿಯಿಂದ ಹುಳು ಎಳೆದು, ಪೆಟ್ರೋಲ್ ಅದ್ದಿದ ಹತ್ತಿ ತುರುಕಿ ಹಸಿಮಣ್ಣು ಮೆತ್ತಬಹುದು. (ವರದಿಯಲ್ಲಿ ಹೇಳಿದ ಕೀಟನಾಶಕ ಡೈಕ್ಲೋರ್‌ವಾಸ್ 2020ರ ಕೊನೆಗೇ ನಿಷೇಧವಾಗಿದೆ.)

ಕಾಫಿ ಹುಳು ಪುಡಿಯನ್ನು ತನ್ನ ಹಿಂದೆ ಸುರಂಗದಲ್ಲೇ ಗಿಡಿದುಕೊಂಡು ಸಾಗುತ್ತದೆ. ಹೊರಗೆ ಪುಡಿಯೂ ಇಲ್ಲ, ತೂತೂ ಇಲ್ಲ. ಕಾಂಡದ ಮೇಲೆ ಎದ್ದ ಏಣು, ಹಳದಿಗೆ ತಿರುಗಿ ಬಾಡುವ ಎಲೆ, ಇಷ್ಟೇ ಗುರುತು. ಗುಂಡಗಿನ ತೂತು ಕಂಡಿತೆಂದರೆ ದುಂಬಿ ಹಾರಿಹೋಗಿ ಆಯಿತು. ಹತ್ತಿ ತುರುಕುವುದು ಖಾಲಿ ಮನೆಗೆ ಬೀಗ ಹಾಕಿದಂತೆ.

ದುಂಬಿ ಹಾರುವುದು ಏಪ್ರಿಲ್–ಮೇ ಮತ್ತು ಅಕ್ಟೋಬರ್–ಡಿಸೆಂಬರ್‌ನಲ್ಲಿ. ಅದಕ್ಕೆ ಮೊದಲೇ, ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ, ಗಿಡಗಿಡವನ್ನೂ ನೋಡಿ ಏಣು ಇರುವುದನ್ನು ಕಿತ್ತು ಸುಡಬೇಕು. ಮೊಟ್ಟೆ ಇಡುವುದು ತೊಗಟೆಯ ಬಿರುಕಿನಲ್ಲಿ. ಆದ್ದರಿಂದ ಉಳಿದ ಗಿಡಗಳ ಕಾಂಡ, ದಪ್ಪ ರೆಂಬೆಗಳ ಸಡಿಲ ತೊಗಟೆಯನ್ನು ಗೋಣಿತಾಟಿನಿಂದ ಉಜ್ಜಿ ತೆಗೆದು, 200 ಲೀಟರ್ ನೀರಿಗೆ 20 ಕೆ.ಜಿ. ಸುಣ್ಣ ಬೆರೆಸಿ ಬಳಿಯಬೇಕು. ಕತ್ತಿಯಿಂದ ಕೆರೆದರೆ ಹಸಿ ತೊಗಟೆಗೇ ಗಾಯ. ವಾಸನೆಯಿಂದ ದುಂಬಿ ಸೆಳೆಯುವ ಮೋಹಕ ಬಲೆಯಾದರೆ ಎಕರೆಗೆ 10. ಮರಗಸಿಯಲ್ಲಿ, ಅಂದರೆ ನೆರಳುಮರದ ಕೊಂಬೆ ಸವರುವಾಗ, ಕೈ ಮುಂದೆ ಹೋಗಿ ನೆರಳು ಬೋಳಾದರೆ ಮಾತ್ರ ಬಿಸಿಲಿನ ಈ ಜೀವಿಗೆ ಇದ್ಯಾವುದೂ ಸಾಲದು.

ಕಿತ್ತ ಗಿಡವನ್ನು ಸೌದೆಗೆಂದು ಮನೆ ಹಿಂದೆ ಒಟ್ಟಿಡುವವರು ಬಹಳ. ಒಳಗಿನ ಹುಳು ಅಲ್ಲೇ ಬೆಳೆದು ದುಂಬಿಯಾಗಿ ತೋಟಕ್ಕೆ ವಾಪಸ್ ಬರುತ್ತದೆ.

– ಕೆಲವು ಕಾಫಿ ಬೆಳೆಗಾರರು, ಕೊಪ್ಪ