ಅಪ್ಪನ ಕಾಸಾಬ್ಲಾಂಕಾದಿಂದ

ಕಾಸಾಬ್ಲಾಂಕಾ, ಮೊರಾಕೊ
ಭಾನುವಾರ

ತೀರ್ಥರೂಪು ಅಪ್ಪನವರಿಗೆ ಮಗಳು ಮಾಡುವ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮ. ಅಮ್ಮನ ಚಟ್ನಿಪುಡಿ ಇಲ್ಲಿಯ ದಪ್ಪ ರೊಟ್ಟಿಗೂ ಚೆನ್ನಾಗಿ ಹೊಂದುತ್ತದೆ ಎಂದು ಅವರಿಗೆ ಹೇಳಿ.

ಹೋದ ವಾರ ಫೋನಿನಲ್ಲಿ ನೀವು ಕೇಳಿದ್ದು ಒಂದೇ ಮಾತು: "ಹಂಫ್ರಿ ಬೋಗಾರ್ಟ್ ಓಡಾಡಿದ ಬೀದಿ ನೋಡಿದೆಯಾ?" ನಿಮ್ಮ ದನಿಯಲ್ಲಿದ್ದ ಹುರುಪು ಕೇಳಿ ಆಗ ನಿಜ ಹೇಳಲು ಬಾಯಿ ಬರಲಿಲ್ಲ. ಅಪ್ಪಾ, ಅಂಥ ಬೀದಿ ಇಲ್ಲಿಲ್ಲ. ಬೋಗಾರ್ಟ್ ಕೆಫೆಯ ಒಡೆಯ ರಿಕ್ ಆಗಿ ನಟಿಸಿದ 'ಕಾಸಾಬ್ಲಾಂಕಾ' ಚಿತ್ರವನ್ನು 1942ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ, ಬಹುಪಾಲು ವಾರ್ನರ್ ಬ್ರದರ್ಸ್ ಸ್ಟುಡಿಯೋದ ಸೆಟ್ಟುಗಳಲ್ಲೇ ತೆಗೆದರು. ಕೊನೆಯಲ್ಲಿ ಮಂಜಿನ ನಡುವೆ ನಿಂತಿರುವ ವಿಮಾನವೂ ಚಿಕ್ಕ ಅಳತೆಯ ಮಾದರಿ. ಅದು ದೊಡ್ಡದಾಗಿ ಕಾಣಲೆಂದು ಅದರ ಸುತ್ತ ತೀರಾ ಕುಳ್ಳಗಿನವರನ್ನು ನಿಲ್ಲಿಸಿದ್ದರು. ಪಿಯಾನೋದ ಮುಂದೆ ಕುಳಿತು ಹಾಡುವ ಸ್ಯಾಮ್ ನಿಮಗೆ ಎಷ್ಟು ಇಷ್ಟ! ಆ ಪಾತ್ರ ಮಾಡಿದ ಡೂಲಿ ವಿಲ್ಸನ್‌ಗೆ ಪಿಯಾನೋ ನುಡಿಸಲು ಬರುತ್ತಿರಲಿಲ್ಲ. ಅವರು ಡ್ರಮ್ ವಾದಕರು.

ನಾನಿರುವ ಊರು ಕಡಲಿನದು. ಬೆಳಿಗ್ಗೆ ಕೆಲಸಕ್ಕೆ ಹೊರಟರೆ ಬಂದರಿನ ಕ್ರೇನುಗಳು, ಅಟ್ಲಾಂಟಿಕ್ಕಿನ ತಣ್ಣನೆಯ ಗಾಳಿ, ಮೀನಿನ ವಾಸನೆ. ಅರಬ್ಬಿಯಲ್ಲಿ ಇದನ್ನು ದಾರ್ ಅಲ್ ಬೈದಾ ಎನ್ನುತ್ತಾರೆ. ಕಾಸಾಬ್ಲಾಂಕಾ ಎಂಬುದರಂತೆ ಆ ಹೆಸರಿಗೂ ಬಿಳಿಯ ಮನೆ ಎಂದೇ ಅರ್ಥ. ಹಳೆಯ ಮದೀನಾದ, ಅಂದರೆ ಇಲ್ಲಿಯ ಹಳೇ ಪೇಟೆಯ, ಅಂಚಿನಲ್ಲಿ 'ರಿಕ್ಸ್ ಕೆಫೆ' ಇದೆ. ಅಮೆರಿಕದ ರಾಯಭಾರ ಸೇವೆಯಲ್ಲಿದ್ದ ಕ್ಯಾಥಿ ಕ್ರಿಗರ್ ಎಂಬಾಕೆ ಸಿನಿಮಾ ನೋಡಿದವರ ಕನಸಿಗೆಂದೇ ಅದನ್ನು 2004ರಲ್ಲಿ ತೆರೆದರು. ಮೊನ್ನೆ ಹೋಗಿದ್ದೆ. ಕಮಾನುಗಳಿವೆ, ದೀಪಗಳಿವೆ, ಪಿಯಾನೋ ಇದೆ. ಚೆನ್ನಾಗಿಯೇ ಇದೆ. ಆದರೂ ನೀವು ಹೇಳುತ್ತಿದ್ದ ಜಾಗ ಅಲ್ಲಿ ನನಗೆ ಸಿಗಲಿಲ್ಲ.

ಸಿಕ್ಕಿದ್ದು ಅದೇ ರಾತ್ರಿ, ಕೋಣೆಗೆ ಬಂದು ಚಿತ್ರವನ್ನು ಮತ್ತೆ ಹಾಕಿಕೊಂಡಾಗ. ಜರ್ಮನ್ ಅಧಿಕಾರಿಗಳು ಕೆಫೆಯಲ್ಲಿ ತಮ್ಮ ಹಾಡನ್ನು ಗಟ್ಟಿಯಾಗಿ ಹಾಡುತ್ತಿರುತ್ತಾರೆ. ನಾಜಿಗಳ ವಿರುದ್ಧ ಹೋರಾಡುವ ಲಾಜ್ಲೋ ನೇರವಾಗಿ ವಾದ್ಯದವರ ಬಳಿಗೆ ಹೋಗಿ ಫ್ರಾನ್ಸಿನ ರಾಷ್ಟ್ರಗೀತೆ ನುಡಿಸಿ ಎನ್ನುತ್ತಾನೆ. ಅವರು ರಿಕ್‌ನ ಕಡೆ ನೋಡುತ್ತಾರೆ. ರಿಕ್ ಸುಮ್ಮನೆ ತಲೆಯಾಡಿಸುತ್ತಾನೆ, ಅಷ್ಟೇ. ಇಡೀ ಕೆಫೆ ಎದ್ದು ನಿಂತು ಹಾಡುತ್ತದೆ. ಆಗ ಇವೊನ್ ಎಂಬ ಹುಡುಗಿಯ ಮುಖ ಹತ್ತಿರದಿಂದ ಕಾಣುತ್ತದೆ. ಕೆನ್ನೆಯೆಲ್ಲ ಒದ್ದೆ. ಆ ಪಾತ್ರ ಮಾಡಿದ ಮ್ಯಾಡ್ಲೀನ್ ಲೆಬೋ 1940ರಲ್ಲಿ ಜರ್ಮನ್ನರು ಪ್ಯಾರಿಸ್ಸಿಗೆ ನುಗ್ಗುವ ಮುನ್ನ ಯಹೂದಿಯಾದ ಗಂಡ ಮಾರ್ಸೆಲ್ ದಾಲಿಯೋ ಜೊತೆ ಊರು ಬಿಟ್ಟು ಲಿಸ್ಬನ್ ಸೇರಿದವಳು. ಅಲ್ಲಿಂದ ಮುಂದಕ್ಕೆ ಅವರ ಕೈಯಲ್ಲಿದ್ದ ಚಿಲಿ ದೇಶದ ವೀಸಾಗಳು ನಕಲಿ ಎಂದು ದಾರಿಯಲ್ಲಿ ಗೊತ್ತಾಯಿತು. ಚಿತ್ರದಲ್ಲಿ ಎಲ್ಲರೂ ಹಪಹಪಿಸುವುದು ದೇಶ ದಾಟಲು ಬೇಕಾದ ಅಂಥದೇ ಕಾಗದಕ್ಕೆ, ಅಲ್ಲವೇ? ಜೂಜಿನ ಮೇಜಿನಲ್ಲಿ ಇರುವ ಎಮಿಲ್ ಆ ದಾಲಿಯೋನೇ. ನಾಜಿ ಮೇಜರ್ ಆಗಿರುವ ಕಾನ್ರಾಡ್ ಫೈಟ್ ಕೂಡ ಯಹೂದಿ ಹೆಂಡತಿಯೊಡನೆ ಜರ್ಮನಿ ತೊರೆದು ಬಂದವರು. ಆ ಕೆಫೆಯ ಜನಸಂದಣಿಯಲ್ಲಿ ನಿಂತ ಎಷ್ಟೋ ಮುಖಗಳು ನಿಜವಾಗಿ ಮನೆ ಕಳೆದುಕೊಂಡವರವು. ಸೆಟ್ಟು ಹಲಗೆಯದಾದರೂ ಆ ಕಣ್ಣೀರು ಅವರದೇ ಅಪ್ಪಾ.

ನನ್ನ ಚೀಲದಲ್ಲಿ ಪಾಸ್‌ಪೋರ್ಟ್ ಇದೆ, ಊರಿಗೆ ಬರಲು ಟಿಕೆಟ್ ಕೊಂಡರೆ ಸಾಕು. ಆದರೂ ಆ ಹಾಡು ಮುಗಿಯುವಷ್ಟರಲ್ಲಿ ನನಗೆ ನಮ್ಮ ಜಗುಲಿ ಬೇಕೆನಿಸಿತು.

ಮುಂದಿನ ಭಾನುವಾರ ಅಮ್ಮನನ್ನೂ ಕೂರಿಸಿಕೊಂಡು ಇನ್ನೊಮ್ಮೆ ನೋಡಿ. ನಿಮ್ಮಲ್ಲಿ ರಾತ್ರಿ ಎಂಟಾದಾಗ ಇಲ್ಲಿ ಮಧ್ಯಾಹ್ನ ಮೂರೂವರೆ. ನಾನೂ ಅದೇ ಹೊತ್ತಿಗೆ ಹಾಕಿಕೊಳ್ಳುತ್ತೇನೆ. ಇವೊನ್ ಬಂದಾಗ ಅಮ್ಮನಿಗೆ ತೋರಿಸಿ.

ಇಂತಿ ನಿಮ್ಮ ಪ್ರೀತಿಯ ಮಗಳು